ಎತ್ತಿಕೊಂಡು ಹೋಗುವುದು ಸಹಾಯವೇ ಎಂಬ ಪ್ರಶ್ನೆಗೆ

ನಮಸ್ಕಾರ. ಗಾಲಿಕುರ್ಚಿ ಬಳಸುವ ಸಹೋದ್ಯೋಗಿಯನ್ನು ಮೊದಲ ಮಹಡಿಯ ಸಭೆಗೆ ನಾಲ್ವರು ಸೇರಿ ಎತ್ತಿಕೊಂಡು ಹೋಗಲು ಮುಂದಾದಾಗ ಅವರು ಒಪ್ಪದೆ ಮನೆಗೆ ಮರಳಿದರು, ಇದರಲ್ಲಿ ನಮ್ಮ ತಪ್ಪೇನು ಎಂದು ತಾವು ಕೇಳಿದ್ದೀರಿ. ತಮ್ಮ ಉದ್ದೇಶದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಗಾಲಿಕುರ್ಚಿಯಲ್ಲೇ ಓಡಾಡುವ ನನ್ನನ್ನೂ ಹಾಗೆ ಎತ್ತಿದ್ದಾರೆ: ಕುರ್ಚಿ ಹಿಂದಕ್ಕೆ ವಾಲುತ್ತದೆ, ಕಣ್ಣಿಗೆ ಚಾವಣಿ ಮಾತ್ರ ಕಾಣುತ್ತದೆ, ಯಾರದಾದರೂ ಕೈ ಜಾರಿದರೆ ಎಂಬ ಭಯದಲ್ಲಿ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು ಕುಳಿತಿರುವಾಗ ಮೆಟ್ಟಿಲ ಬದಿಗೆ ಸರಿದು ನಿಂತವರೆಲ್ಲ ನೋಡುತ್ತಿರುತ್ತಾರೆ. ಮೇಲೆ ತಲುಪಿದ ನಂತರವೂ, ಕೆಳಗಿಳಿಯಬೇಕೆಂದರೆ ಮತ್ತೆ ಆ ನಾಲ್ವರನ್ನೇ ಕರೆಯಬೇಕು.

2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು, ಅತಿಯಾದ ಹೊರೆಯಾಗದ ಸೂಕ್ತ ಮಾರ್ಪಾಡನ್ನು ನಿರಾಕರಿಸುವುದನ್ನೂ ತಾರತಮ್ಯವೆಂದೇ ಪರಿಗಣಿಸುತ್ತದೆ. ತಮ್ಮ ಸಂದರ್ಭದಲ್ಲಿ ಸಭೆಯನ್ನೇ ನೆಲಮಹಡಿಗೆ ತಂದಿದ್ದರೆ ಸಾಕಿತ್ತು. ಬಾಗಿಲಲ್ಲಿ ಮೆಟ್ಟಿಲಿದ್ದರೆ ಇಳಿಜಾರು ಕಟ್ಟಿಸಿ, ಆದರೆ ಅದು ಕಡಿದಾಗಿರಬಾರದು; ಸಾಮಾನ್ಯವಾಗಿ ಪಾಲಿಸುವ ಅಳತೆ 1:12, ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದ. ಮುಂದಿನ ಸಭೆಗೆ ಮುನ್ನ ಯಾವ ವ್ಯವಸ್ಥೆ ಬೇಕೆಂದು ಬೇರೆಯವರ ಮೂಲಕವಲ್ಲದೆ ಅವರನ್ನೇ ನೇರವಾಗಿ ವಿಚಾರಿಸಿ, ನಡೆದದ್ದಕ್ಕೆ ಕ್ಷಮೆಯನ್ನೂ ಕೇಳಿ.