ಓಟು ಹಾಕಿ ದೇವರನ್ನು ತೀರ್ಮಾನ ಮಾಡಿದರಾ?

ನೀವು ಕೇಳಿದ್ದು ಇಷ್ಟು: 325ರಲ್ಲಿ ನೈಸಿಯಾ ಅನ್ನುವ ಊರಲ್ಲಿ ಬಿಷಪ್‌ಗಳು ಸೇರಿ ಓಟು ಹಾಕಿ ಯೇಸುವನ್ನು ದೇವರು ಮಾಡಿದರು, ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತಲೂ ಅಲ್ಲೇ ಆರಿಸಿದರು ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ನಿಜವಾ? ನಿಜ ಆದರೆ ನಾಳೆ ಇನ್ನೊಂದು ಸಭೆ ಕರೆದು ಎಲ್ಲ ತಿರುಗಿಸಬಹುದಲ್ವಾ?

ನಾನು ಪಾದ್ರಿಯಲ್ಲ, ಧರ್ಮಶಾಸ್ತ್ರ ಓದಿದವನೂ ಅಲ್ಲ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವನು. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಇಗರ್ಜಿಯಲ್ಲಿ ವಿಶ್ವಾಸ ಪ್ರಮಾಣವನ್ನು, ಅಂದರೆ ನಾವು ನಂಬುವುದು ಏನೇನು ಅಂತ ಸಾಲು ಸಾಲಾಗಿ ಹೇಳುವ ಪಾಠವನ್ನು, ಗಿಣಿಪಾಠದ ಹಾಗೆ ಒಪ್ಪಿಸಿದ್ದೇನೆ. ಅದರ ಒಂದೊಂದು ಸಾಲಿನ ಹಿಂದೆ ಎಂಥೆಂಥ ಜಗಳ ಇದೆ ಅಂತ ತಿಳಿದದ್ದು ಮೂವತ್ತು ದಾಟಿದ ಮೇಲೆ. ಆಮೇಲೆ ಹುಚ್ಚು ಹಿಡಿದ ಹಾಗೆ ಓದಿದೆ, ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಬೈಬಲ್ ವಿಷಯ ಮೊದಲು ಮುಗಿಸೋಣ. ಅದು ಸುಳ್ಳು. ನೈಸಿಯಾ ಸಭೆ ಮಾಡಿದ 20 ನಿಯಮಗಳು ಇವತ್ತಿಗೂ ನಮ್ಮ ಕೈಯಲ್ಲಿವೆ. ಪಾದ್ರಿಗಳು ಬಡ್ಡಿಗೆ ಸಾಲ ಕೊಡಬಾರದು, ಬೇರೆ ಊರಿನ ಬಿಷಪ್ ಗಾದಿಗೆ ಹಾರಬಾರದು, ಇಂಥವು. ಬೈಬಲ್ ಪುಸ್ತಕಗಳ ಸುದ್ದಿಯೇ ಅದರಲ್ಲಿಲ್ಲ. ಕ್ಯಾಥೊಲಿಕರು ಆ ಪಟ್ಟಿಗೆ ಕಡೆಯ ಮೊಹರು ಒತ್ತಿದ್ದು ಟ್ರೆಂಟ್ ಅನ್ನುವ ಊರಿನ ಮಹಾಸಭೆಯಲ್ಲಿ (ಎಲ್ಲರಿಗೂ ಅನ್ವಯ ಅಂತ ಮಾನ್ಯವಾದ ಬಿಷಪ್‌ಗಳ ಸಭೆಗೆ ಮಹಾಸಭೆ ಅನ್ನುತ್ತಾರೆ), 1546ರ ಏಪ್ರಿಲ್ 8ರಂದು. ಅಂದರೆ ನೈಸಿಯಾ ಆಗಿ 1200 ವರ್ಷಕ್ಕೂ ಜಾಸ್ತಿ ಆದ ಮೇಲೆ!

ಇನ್ನು ಯೇಸುವನ್ನು ದೇವರು ಮಾಡಿದ್ದು. ಸುಮಾರು 112ನೇ ಇಸವಿಯಲ್ಲಿ ಪ್ಲಿನಿ ಅನ್ನುವ ರೋಮನ್ ಅಧಿಕಾರಿ ತನ್ನ ಚಕ್ರವರ್ತಿಗೆ ಒಂದು ಕಾಗದ ಬರೆಯುತ್ತಾನೆ. ಈ ಕ್ರೈಸ್ತರು ಬೆಳಕು ಹರಿಯುವ ಮೊದಲೇ ಸೇರಿ, ದೇವರಿಗೆ ಹಾಡುವ ಹಾಗೆ ಕ್ರಿಸ್ತನಿಗೆ ಹಾಡುತ್ತಾರೆ ಅಂತ. ಅವನಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ, ಆದ್ದರಿಂದ ಇವರ ಪರವಾಗಿ ಸುಳ್ಳು ಹೇಳುವ ಗರಜು ಅವನಿಗಿಲ್ಲ. ನೈಸಿಯಾಕ್ಕೆ 200 ವರ್ಷ ಮುಂಚಿನ ಮಾತಿದು. ಹಾಗಾಗಿ ಅಲ್ಲಿಗೆ ಬಂದವರ ಜಗಳ ಯೇಸುವನ್ನು ಪೂಜಿಸಬೇಕಾ ಬೇಡವಾ ಅಂತ ಅಲ್ಲವೇ ಅಲ್ಲ. ಪೂಜಿಸುತ್ತಲೇ ಇದ್ದೇವೆ, ಹಾಗಾದರೆ ಆತ ಯಾರು ಅಂತ.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಏರಿಯಸ್ ಅಂತ ಒಬ್ಬ ಪಾದ್ರಿ ಇದ್ದ. ಒಳ್ಳೆ ಮಾತುಗಾರ. ಅವನ ಲೆಕ್ಕ ಸರಳ. ಆದಿ ಇಲ್ಲದವನು ಪಿತ, ಅಂದರೆ ತಂದೆ ದೇವರು, ಒಬ್ಬನೇ, ಸುತನನ್ನು, ಅಂದರೆ ಯೇಸುವನ್ನು, ಪಿತನೇ ಉಂಟುಮಾಡಿದ್ದು, ಸೃಷ್ಟಿಯಲ್ಲೆಲ್ಲ ಮೊದಲನೆಯವನು, ದೊಡ್ಡವನು, ಆದರೂ ಸೃಷ್ಟಿಯೇ. "ಆತ ಇಲ್ಲದಿದ್ದ ಹೊತ್ತೂ ಇತ್ತು" ಅನ್ನುವುದು ಅವನ ಘೋಷಣೆ. ಇದನ್ನು ಹಾಡು ಕಟ್ಟಿ ಹರಡಿದರು, ಹಡಗಿನವರು, ಹಿಟ್ಟು ಬೀಸುವವರು ಹಾಡಿಕೊಳ್ಳುವಂಥ ಧಾಟಿಯಲ್ಲಿ. ಊರೂರಲ್ಲಿ ಗಲಾಟೆ ಎದ್ದಿತು. ಆಗಷ್ಟೇ ಇಡೀ ರೋಮನ್ ಸಾಮ್ರಾಜ್ಯವನ್ನು ಕೈಗೆ ತಗೊಂಡಿದ್ದ ಕಾನ್‌ಸ್ಟಂಟೈನ್ ಚಕ್ರವರ್ತಿಗೆ ಈ ತಲೆನೋವು ಬೇಕಿರಲಿಲ್ಲ. ತಾನೇ ಸಭೆ ಕರೆದ. ತಮಾಷೆ ಅಂದರೆ ಅವನಿಗಿನ್ನೂ ಕ್ರೈಸ್ತನಾಗಿ ಸೇರಿಸಿಕೊಳ್ಳುವ ದೀಕ್ಷಾಸ್ನಾನವೇ ಆಗಿರಲಿಲ್ಲ, ಅದನ್ನು ಪಡೆದದ್ದು 337ರಲ್ಲಿ, ಸಾಯುವ ಹಾಸಿಗೆಯಲ್ಲಿ. ರೋಮಿನ ಪೋಪ್ ಸಿಲ್ವೆಸ್ಟರ್ ಅಂತೂ ಬರಲೇ ಇಲ್ಲ, ತನ್ನ ಪರವಾಗಿ ಇಬ್ಬರು ಪಾದ್ರಿಗಳನ್ನು ಕಳಿಸಿದ.

ಅಲ್ಲಿ ಏನಾಯಿತು ಅನ್ನುವುದನ್ನು ಅಥನಾಸಿಯಸ್ ಬರೆದಿದ್ದಾನೆ. ಆಗ ಆತ ಅಲೆಕ್ಸಾಂಡ್ರಿಯಾದ ಬಿಷಪ್ ಜೊತೆ ಬಂದಿದ್ದ ಸಹಾಯಕ ಅಷ್ಟೇ. ಬಿಷಪ್‌ಗಳು ಮೊದಲು ಬೈಬಲ್‌ನ ಮಾತುಗಳನ್ನೇ ಇಟ್ಟು ನೋಡಿದರು. "ಸುತ ದೇವರಿಂದ ಬಂದವನು" ಅಂತ ಬರೆಯೋಣವೇ? ಏರಿಯಸ್ ಕಡೆಯವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ ಸರಿ ಅಂದರು, ಯಾಕೆ ಅಂದರೆ ಎಲ್ಲವೂ ದೇವರಿಂದಲೇ ತಾನೇ ಬಂದದ್ದು! ಯಾವ ಮಾತು ಇಟ್ಟರೂ ಅದಕ್ಕೆ ತಮ್ಮದೇ ಅರ್ಥ ಹಚ್ಚಿ ಒಪ್ಪಿಕೊಂಡುಬಿಡುತ್ತಿದ್ದರು. ಕಡೆಗೆ ಅವರು ಏನು ಮಾಡಿದರೂ ನುಂಗಲಾಗದ ಒಂದು ಪದ ಬೇಕಾಯಿತು. ಹೊಮೊಊಸಿಯೋಸ್ ಅನ್ನುವ ಗ್ರೀಕ್ ಪದ. ಪಿತನದೂ ಸುತನದೂ ಒಂದೇ ಸತ್ವ ಅಂತ ಅರ್ಥ. ಅದು ಬೈಬಲ್‌ನಲ್ಲಿ ಎಲ್ಲೂ ಇಲ್ಲದ ಪದ, ಎಷ್ಟೋ ಬಿಷಪ್‌ಗಳಿಗೆ ಅದೇ ಇರಿಸುಮುರಿಸು. ಆದರೂ ಸಹಿ ಹಾಕಿದರು. 318 ಜನ ಇದ್ದರು ಅನ್ನುವುದು ಪರಂಪರೆಯ ಲೆಕ್ಕ, ಅಲ್ಲೇ ಇದ್ದ ಬಿಷಪ್ ಯೂಸೀಬಿಯಸ್ 250ಕ್ಕಿಂತ ಜಾಸ್ತಿ ಅಂತಾನೆ. ಇಬ್ಬರು ಮಾತ್ರ ಒಪ್ಪಲಿಲ್ಲ, ಅವರನ್ನೂ ಏರಿಯಸ್‌ನನ್ನೂ ಗಡೀಪಾರು ಮಾಡಿದರು.

ಇಲ್ಲಿಗೆ ಕತೆ ಮುಗಿದಿದ್ದರೆ "ಓಟು ಹಾಕಿ ಗೆದ್ದರು" ಅಂತ ನಾನೂ ಒಪ್ಪುತ್ತಿದ್ದೆ. ಮುಗಿಯಲಿಲ್ಲ. ಕಾನ್‌ಸ್ಟಂಟೈನ್‌ನ ಮಗನೇ ಎದುರು ಪಕ್ಷ ಹಿಡಿದ. ಮುಂದೆ ಬಿಷಪ್ ಆದ ಅಥನಾಸಿಯಸ್‌ನನ್ನು ಒಟ್ಟು ಐದು ಸಲ ಊರು ಬಿಡಿಸಿದರು. 359ರಲ್ಲಿ ಇಟಲಿಯ ರಿಮಿನಿಯಲ್ಲಿ 400ಕ್ಕೂ ಹೆಚ್ಚು ಬಿಷಪ್‌ಗಳು ಸೇರಿ, ಚಕ್ರವರ್ತಿಯ ಒತ್ತಡಕ್ಕೆ ಬಗ್ಗಿ, ಆ ಪದವನ್ನೇ ಕೈಬಿಟ್ಟ ಇನ್ನೊಂದು ವಿಶ್ವಾಸ ಪ್ರಮಾಣಕ್ಕೆ ಸಹಿ ಹಾಕಿದರು. ತಲೆ ಎಣಿಸಿದರೆ ನೈಸಿಯಾಕ್ಕಿಂತ ದೊಡ್ಡ ಸಭೆ ಅದು. ಆದರೆ ಕ್ಯಾಥೊಲಿಕರು ಎಣಿಸುವ 21 ಮಹಾಸಭೆಗಳಲ್ಲಿ ರಿಮಿನಿಯ ಹೆಸರೇ ಇಲ್ಲ! ಜನ ಒಪ್ಪಲಿಲ್ಲ, ಸಹಿ ಹಾಕಿದವರೇ ಊರಿಗೆ ಹೋಗಿ ಪಶ್ಚಾತ್ತಾಪ ಪಟ್ಟರು. ಕಾನ್‌ಸ್ಟಂಟಿನೋಪಲ್‌ನಲ್ಲಿ 381ರ ಸಭೆ ನೈಸಿಯಾದ ಮಾತನ್ನೇ ಮತ್ತೆ ಎತ್ತಿ ಹಿಡಿಯಿತು. ಅದಕ್ಕೆ ಬಂದವರು 150 ಜನ, ಪಶ್ಚಿಮದ ಬಿಷಪ್‌ಗಳು ಒಬ್ಬರೂ ಇರಲಿಲ್ಲ, ಆದರೂ ಅದು ಎರಡನೇ ಮಹಾಸಭೆ ಅನ್ನಿಸಿಕೊಂಡಿತು. ನನಗೆ ಇದರಲ್ಲಿ ಕಾಣುವುದು ಏನು ಅಂದರೆ, ಓಟು ಬಿದ್ದದ್ದು ನಿಜ, ಆದರೆ ಸಭೆಯನ್ನು ಮಹಾಸಭೆ ಮಾಡಿದ್ದು ಆ ದಿನದ ಓಟಲ್ಲ, ಆಮೇಲೆ ಐವತ್ತೋ ನೂರೋ ವರ್ಷ ಅದನ್ನು ಜನ ಜೀರ್ಣಿಸಿಕೊಂಡರಾ ಇಲ್ಲವಾ ಅನ್ನುವುದು.

ಹಾಗಂತ ಈ ಸಭೆಗಳನ್ನು ತೀರಾ ಪವಿತ್ರ ಅಂದುಕೊಳ್ಳಬೇಡಿ. 431ರ ಎಫೆಸಸ್ ನೋಡಿ. ಮಾತೆ ಮರಿಯಮ್ಮನನ್ನು "ದೇವಮಾತೆ" ಅನ್ನಬಹುದಾ ಅಂತ ಜಗಳ. ಅನ್ನಬೇಕು ಅಂದವನು ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್, ಬೇಡ ಅಂದವನು ಕಾನ್‌ಸ್ಟಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್. ಸಿರಿಲ್ ಭಾರೀ ಜೋರು. ಅಂತಿಯೋಕ್ಯದ ಬಿಷಪ್ ಜಾನ್ ಮತ್ತವನ ಕಡೆಯವರು ದಾರಿಯಲ್ಲಿದ್ದಾರೆ ಅಂತ ಗೊತ್ತಿದ್ದೂ ಕಾಯದೆ ಸಭೆ ಶುರು ಮಾಡಿ, ಒಂದೇ ದಿನದಲ್ಲಿ ನೆಸ್ಟೋರಿಯಸ್‌ನನ್ನು ಕೆಳಗಿಳಿಸಿಬಿಟ್ಟ. ನಾಲ್ಕು ದಿನ ಬಿಟ್ಟು ಬಂದ ಜಾನ್ ಪಕ್ಕದಲ್ಲೇ ತನ್ನದೊಂದು ಸಭೆ ನಡೆಸಿ ಸಿರಿಲ್‌ನನ್ನೇ ಕೆಳಗಿಳಿಸಿದ! ಚಕ್ರವರ್ತಿ ತಲೆ ಕೆಟ್ಟು ಎರಡೂ ಆದೇಶಗಳನ್ನು ಒಪ್ಪಿ ಸಿರಿಲ್, ನೆಸ್ಟೋರಿಯಸ್ ಇಬ್ಬರನ್ನೂ ಬಂಧನದಲ್ಲಿಟ್ಟ. ಕಡೆಗೆ ಸಿರಿಲ್ ಗೆದ್ದ ಅನ್ನಿ. ನಾವು ಇವತ್ತು ಮರಿಯಮ್ಮನ ಜಪದಲ್ಲಿ "ದೇವಮಾತೆಯೇ" ಅನ್ನುವುದರ ಹಿಂದೆ ಇಷ್ಟು ರಾಜಕೀಯ ಇದೆ.

ಅದಾಗಿ 20 ವರ್ಷಕ್ಕೆ, 451ರಲ್ಲಿ, ಕ್ಯಾಲ್ಸಿಡನ್ ಸಭೆ. ಯೇಸು ಒಬ್ಬನೇ ವ್ಯಕ್ತಿ, ಆದರೆ ದೈವ ಸ್ವಭಾವ, ಮಾನವ ಸ್ವಭಾವ ಎರಡೂ ಆತನಲ್ಲಿ ಪೂರ್ತಿಯಾಗಿವೆ, ಕಲಸಿಹೋಗದೆ, ಬೇರೆಯೂ ಆಗದೆ ಇವೆ ಅಂತ ಅದು ಹೇಳಿತು. ಗಮನಿಸಿ, ಹೇಗಿವೆ ಅಂತ ಹೇಳಲಿಲ್ಲ, ಹೇಗಿಲ್ಲ ಅಂತ ಮಾತ್ರ ಹೇಳಿತು. ಗದ್ದೆಯಲ್ಲಿ ಏನು ಬೆಳೆಯಬೇಕು ಅಂತ ಹೇಳದೆ ಸುತ್ತ ಬೇಲಿ ಹಾಕಿದ ಹಾಗೆ. ಈ ಬೇಲಿ ಈಜಿಪ್ಟಿನವರಿಗೆ, ಅರ್ಮೇನಿಯಾದವರಿಗೆ, ಸಿರಿಯಾದ ಬಹಳ ಜನಕ್ಕೆ ಒಪ್ಪಿಗೆಯಾಗಲಿಲ್ಲ. ಬೇರೆಯಾದವರು ಇವತ್ತಿಗೂ ಬೇರೆಯೇ ಇದ್ದಾರೆ.

ಇದು ಎಲ್ಲೋ ದೂರದ ಮಾತು ಅಂದುಕೊಂಡರೆ ಉಡುಪಿ ಹತ್ತಿರದ ಬ್ರಹ್ಮಾವರಕ್ಕೆ ಒಮ್ಮೆ ಹೋಗಿ. ಅಲ್ಲಿ ನಮ್ಮ ಹಾಗೇ ಮನೆಯಲ್ಲಿ ಕೊಂಕಣಿ ಮಾತಾಡುವ, ನಮ್ಮಂಥವೇ ಹೆಸರಿರುವ ಕ್ರೈಸ್ತರಿದ್ದಾರೆ, ಆದರೆ ಅವರು ಕ್ಯಾಥೊಲಿಕರಲ್ಲ, ಸಿರಿಯನ್ ಆರ್ಥೊಡಾಕ್ಸ್. 19ನೇ ಶತಮಾನದ ಕೊನೆಗೆ, ಈ ಕಡೆಯ ಇಗರ್ಜಿಗಳು ಪೋರ್ಚುಗಲ್ ರಾಜನ ಹಿಡಿತದ ಗೋವಾ ಆಡಳಿತಕ್ಕೆ ಸೇರಬೇಕಾ, ನೇರ ರೋಮಿನ ಆಡಳಿತಕ್ಕೆ ಸೇರಬೇಕಾ ಅನ್ನುವ ಕಿತ್ತಾಟದಲ್ಲಿ ಬೇಸತ್ತು, 1889ರಲ್ಲಿ ಕೇರಳದ ಆರ್ಥೊಡಾಕ್ಸ್ ಬಿಷಪ್‌ಗಳಿಂದ ಅಭಿಷೇಕ ಪಡೆದ ಗೋವಾದ ಆಲ್ವಾರಿಸ್ ಮಾರ್ ಜೂಲಿಯಸ್ ಅವರ ಜೊತೆ ಹೋದವರು. ಅವರ ಜಗಳ ಆಡಳಿತದ್ದು. ಕ್ಯಾಲ್ಸಿಡನ್ ಬಗ್ಗೆ ಅವರಿಗೇನೂ ತಕರಾರು ಇರಲಿಲ್ಲ. ಆದರೂ ಹೋಗಿ ಸೇರಿದ್ದು ಕ್ಯಾಲ್ಸಿಡನ್ ಒಪ್ಪದ ಪರಂಪರೆಗೆ. 451ರ ಗೆರೆ ಹೀಗೆ ಬಂದು ಬ್ರಹ್ಮಾವರದ ಪೇಟೆಯ ಮಧ್ಯೆ ಹಾದುಹೋಗಿದೆ. ಅಲ್ಲಿನ ನನ್ನ ಗೆಳೆಯನೊಬ್ಬನಿಗೆ ಇದನ್ನು ಹೇಳಿದರೆ, "ಮಾರಾಯ, ನಮಗೆ ಹಬ್ಬದ ದಿನ ಊಟ ಸರಿ ಇದ್ದರೆ ಸಾಕು" ಅಂದ. ಅಂದ ಹಾಗೆ 1973ರಲ್ಲಿ ಪೋಪ್ ಆರನೇ ಪೌಲರೂ, ಕ್ಯಾಲ್ಸಿಡನ್ ಒಪ್ಪದ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಪೋಪ್ ಮೂರನೇ ಶೆನೂದರೂ ಸೇರಿ, ಯೇಸುವಿನ ಬಗ್ಗೆ ನಾವಿಬ್ಬರೂ ನಂಬುವುದು ಇದು ಅಂತ ಒಂದೇ ಕಾಗದಕ್ಕೆ ಸಹಿ ಹಾಕಿದರು. 1500 ವರ್ಷ ಹಿಡಿಯಿತು.

ಓಟಿನ ಲೆಕ್ಕ ಸರಿಯಾಗಿ ಸಿಗುವುದು ಹತ್ತಿರದ ಸಭೆಗಳದ್ದು. 1870ರ ಜುಲೈ 18, ಮೊದಲನೇ ವ್ಯಾಟಿಕನ್ ಮಹಾಸಭೆ. ಪೋಪ್ ತನ್ನ ಪೀಠದ ಅಧಿಕಾರದಿಂದ ಇಡೀ ಧರ್ಮಸಭೆಗೆ, ಅಂದರೆ ಎಲ್ಲ ಕ್ಯಾಥೊಲಿಕರಿಗೆ, ಅಂತ ಒಂದು ಬೋಧನೆಯನ್ನು ವಿಧಿಸಿದರೆ ಅದರಲ್ಲಿ ತಪ್ಪು ಇರಲಾರದು ಅನ್ನುವ ತೀರ್ಮಾನ. ಐದು ದಿನ ಮುಂಚೆ ಪರೀಕ್ಷೆಗೆ ಅಂತ ಓಟು ಹಾಕಿದಾಗ 451 ಹೌದು, 88 ಬೇಡ, 62 ಜನ ತಿದ್ದುಪಡಿ ಮಾಡಿದರೆ ಸರಿ ಅಂದಿದ್ದರು. ಬೇಡ ಅಂದವರಲ್ಲಿ ಐವತ್ತಕ್ಕೂ ಹೆಚ್ಚು ಜನ ಪೋಪ್ ಎದುರಿಗೇ ಬೇಡ ಅನ್ನುವುದು ಹೇಗೆ ಅಂತ ಹಿಂದಿನ ದಿನವೇ ಗಂಟುಮೂಟೆ ಕಟ್ಟಿ ಊರಿಗೆ ಹೊರಟುಬಿಟ್ಟರು. ಆ ದಿನ ಬೆಳಗ್ಗೆ ರೋಮಿನಲ್ಲಿ ಗುಡುಗು ಸಿಡಿಲಿನ ಮಳೆ. ಒಬ್ಬೊಬ್ಬ ಬಿಷಪ್‌ನ ಹೆಸರು ಕೂಗುವುದು, ಅವರೆದ್ದು ಉತ್ತರ ಹೇಳುವುದು, ಮಧ್ಯೆ ಮಧ್ಯೆ ಗುಡುಗು. ಎಷ್ಟು ಕತ್ತಲಾಯಿತು ಅಂದರೆ ಫಲಿತಾಂಶ ಓದಲು ಪೋಪ್ ಒಂಬತ್ತನೇ ಪಿಯುಸ್‌ಗೆ ಮೇಣದಬತ್ತಿ ಹಿಡಿಯಬೇಕಾಯಿತು. 533 ಹೌದು, 2 ಬೇಡ. ಆ ಇಬ್ಬರೂ ಆಮೇಲೆ ಒಪ್ಪಿಕೊಂಡರು. ಮರುದಿನವೇ ಫ್ರಾನ್ಸ್‌ಗೂ ಪ್ರಷ್ಯಾಕ್ಕೂ ಯುದ್ಧ, ಸೆಪ್ಟೆಂಬರ್‌ನಲ್ಲಿ ಇಟಲಿಯ ಸೈನ್ಯ ರೋಮ್ ಹಿಡಿಯಿತು, ಸಭೆ ಅರ್ಧಕ್ಕೇ ನಿಂತಿತು. ಪೋಪ್ ಹೇಳಿದ್ದೆಲ್ಲ ತಪ್ಪಿಲ್ಲದ್ದು ಅಂತ ಜನ ಸುಮ್ನೆ ಅಂದುಕೊಂಡಿದ್ದಾರೆ, ಹಾಗಲ್ಲ. ಆ ತೀರ್ಮಾನ ಆದ ಮೇಲೆ ಈ ಅಧಿಕಾರವನ್ನು ಸ್ಪಷ್ಟವಾಗಿ ಬಳಸಿದ್ದು ಒಂದೇ ಸಲ, 1950ರಲ್ಲಿ, ಮರಿಯಮ್ಮ ಶರೀರ ಸಮೇತ ಸ್ವರ್ಗಕ್ಕೆ ಹೋದರು ಅನ್ನುವ ವಿಷಯಕ್ಕೆ.

ಕಡೆಯ ಪ್ರಶ್ನೆ, ನಾಳೆ ಬದಲಿಸಬಹುದಾ ಅಂತ. ನಂಬಿಕೆಯ ತೀರ್ಮಾನವನ್ನು ಇನ್ನಷ್ಟು ಬಿಡಿಸಿ ಹೇಳಬಹುದು, ತಿರುಗಿಸಲಾಗದು, ಇದು ಧರ್ಮಸಭೆಯ ನಿಲುವು. ಪದ್ಧತಿ, ನಿಯಮ ಬೇರೆ. ಅವನ್ನು ಬೇಕಾದಷ್ಟು ಸಲ ಬದಲಿಸಿದ್ದಾರೆ. ನೈಸಿಯಾದ 20ನೇ ನಿಯಮ ಏನು ಗೊತ್ತಾ? ಭಾನುವಾರ ಯಾರೂ ಮೊಣಕಾಲೂರಬಾರದು, ನಿಂತೇ ಪ್ರಾರ್ಥಿಸಬೇಕು. ನಮ್ಮ ಇಗರ್ಜಿಯಲ್ಲಿ ಭಾನುವಾರ ಪೂಜೆಯ ಗಂಟೆ ಆದ ಕೂಡಲೇ ಎಲ್ಲರೂ ಮೊಣಕಾಲಲ್ಲೇ ಇರುತ್ತಾರೆ! ಎರಡನೇ ವ್ಯಾಟಿಕನ್ ಸಭೆಯಲ್ಲಿ, 1963ರ ಡಿಸೆಂಬರ್ 4ರಂದು, ಪೂಜಾವಿಧಿಯ ಸುಧಾರಣೆಗೆ 2147 ಓಟು ಪರ, 4 ವಿರೋಧ. ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಬಾಗಿಲು ತೆರೆಯಿತು. ಅದಕ್ಕೆ ಮುಂಚೆ ಪಾದ್ರಿ ಬೆನ್ನು ಹಾಕಿ ಲ್ಯಾಟಿನ್‌ನಲ್ಲಿ ಪೂಜೆ ಮಾಡುತ್ತಿದ್ದರೆ ನನ್ನ ಅಜ್ಜಿ ಹಿಂದಿನ ಸಾಲಿನಲ್ಲಿ ತನ್ನ ಪಾಡಿಗೆ ಜಪಸರ ಎಣಿಸುತ್ತಿದ್ದರಂತೆ, ಗಂಟೆ ಕೇಳಿದಾಗ ತಲೆ ಎತ್ತಿ ನೋಡುವುದು, ಮತ್ತೆ ಜಪಸರ. ಭಾಷೆ ಬದಲಾದ ಮೇಲೂ ಅಜ್ಜಿ ಜಪಸರ ಬಿಡಲಿಲ್ಲ ಅನ್ನುವುದು ಬೇರೆ ಮಾತು.

ಇನ್ನೊಂದು ಹೇಳಿಬಿಡುತ್ತೇನೆ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ, ಪೂಜೆಯಲ್ಲಿ ಕೊಡುವ ಪರಮಪ್ರಸಾದದಲ್ಲಿ ಜನಸಾಮಾನ್ಯರಿಗೆ ರೊಟ್ಟಿ ಮಾತ್ರ, ದ್ರಾಕ್ಷಾರಸದ ಪಾತ್ರೆ ಪಾದ್ರಿಗಷ್ಟೇ ಅಂತ ವಿಧಿಸಿತು. ಮೂರು ವಾರ ಕಳೆದು, ಜುಲೈ 6ರಂದು, ಅದೇ ಊರಲ್ಲಿ ಬೊಹೀಮಿಯಾದ ಪಾದ್ರಿ ಯಾನ್ ಹುಸ್‌ರನ್ನು ಜೀವಂತ ಸುಟ್ಟರು. ಅಭಯಪತ್ರ ಕೊಟ್ಟು ಕರೆಸಿಕೊಂಡವರನ್ನು. ಅವರ ಕಡೆಯವರು ಆ ಪಾತ್ರೆಯನ್ನೇ ತಮ್ಮ ಗುರುತು ಮಾಡಿಕೊಂಡು ವರ್ಷಗಟ್ಟಲೆ ಯುದ್ಧ ಮಾಡಿದರು. ಎರಡನೇ ವ್ಯಾಟಿಕನ್ ಸಭೆ ಕೆಲವು ಸಂದರ್ಭಗಳಲ್ಲಿ ಜನರಿಗೂ ಪಾತ್ರೆ ಕೊಡಬಹುದು ಅಂತ ಒಪ್ಪಿತು. ನಮ್ಮ ಅಣ್ಣನ ಮದುವೆಯ ಪೂಜೆಯಲ್ಲಿ ಫಾದರ್ ಅಣ್ಣನಿಗೂ ಅತ್ತಿಗೆಗೂ ಪಾತ್ರೆ ಕೊಟ್ಟರು. ಅಣ್ಣ ಒಂದು ಗುಟುಕು ಕುಡಿದು, ಮೂತಿ ಸಿಂಡರಿಸಿ, ಮೆಲ್ಲಗೆ "ಹುಳಿ" ಅಂದ. ಫೋಟೋಗ್ರಾಫರ್ ಅದನ್ನೇ ಹಿಡಿದಿದ್ದಾನೆ, ಆಲ್ಬಮ್‌ನಲ್ಲಿದೆ.