ಎನಾಕ್ಸಪ್ಯಾರಿನ್ ಕೊಟ್ಟ ಜಾಗವನ್ನು ತಿಕ್ಕಬೇಡಿ

ಸಿಸ್ಟರ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪ್ಯಾರಿನ್ 40 ಮಿಲಿಗ್ರಾಂ ಸಿರಿಂಜಿನ ಗಾಳಿಗುಳ್ಳೆಯನ್ನು ಹೊರಹಾಕಿಯೇ ಚುಚ್ಚುತ್ತೀರಿ, ಆಮೇಲೆ ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ತಿಕ್ಕುತ್ತೀರಿ, ಆದರೂ ರೋಗಿಯ ಹೊಟ್ಟೆ ನೀಲಿಗಟ್ಟುತ್ತಿದೆ ಎಂದು ಬರೆದಿದ್ದೀರಿ. ತಿಕ್ಕುವುದರಿಂದಲೇ ಅದು ಹೆಚ್ಚುತ್ತಿದೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎಲುಬಿನ ವಾರ್ಡಿಗೆ ಹೊಸದಾಗಿ ಸೇರಿದ್ದಾಗ, ಸೊಂಟದ ಆಪರೇಶನ್ ಆಗಿದ್ದ ನವಲಗುಂದ ಕಡೆಯ ಅಜ್ಜಿಯೊಬ್ಬರಿಗೆ ಮೂರು ದಿನ ಹೀಗೆಯೇ ಕೊಟ್ಟೆ. ನಾಲ್ಕನೆಯ ಬೆಳಗ್ಗೆ ಅವರು ಸೆರಗು ಸರಿಸಿ, “ನೋಡವಾ, ಹೊಟ್ಟಿ ಮ್ಯಾಲೆ ಶಾಯಿ ಚೆಲ್ಲಿದಂಗ ಆಗೇತಿ” ಎಂದರು. ಹೊಕ್ಕುಳಿನ ಬಲಕ್ಕೆ ಅಂಗೈಯಗಲದ ಕಲೆ, ನಡುವೆ ಕಡುನೀಲಿ, ಅಂಚಿನಲ್ಲಿ ಹಳದಿ, ಮುಟ್ಟಿದರೆ ಗಟ್ಟಿ. ಮಂಚದ ಎಡಬದಿ ಗೋಡೆಗೆ ತಾಗಿದ್ದರಿಂದ ಮೂರೂ ದಿನ ಬಲಗಡೆಗೇ ಚುಚ್ಚಿದ್ದೆ. ಮಂಚ ಎಳೆಯಲು ಬೇಸರಪಟ್ಟದ್ದಕ್ಕೆ ಆ ಅಜ್ಜಿ ನೋವು ತಿಂದರು.

ಅಂದಿನಿಂದ ರೋಗಿಯನ್ನು ಮಲಗಿಸಿ, ಹೊಕ್ಕುಳಿನಿಂದ ಕನಿಷ್ಠ 5 ಸೆಂಟಿಮೀಟರ್ ದೂರದಲ್ಲಿ, ಒಂದು ಸಲ ಎಡಕ್ಕಾದರೆ ಮತ್ತೊಂದು ಸಲ ಬಲಕ್ಕೆ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಚರ್ಮದ ಮಡಿಕೆ ಹಿಡಿದು 90 ಡಿಗ್ರಿಯಲ್ಲಿ ಚುಚ್ಚುತ್ತೇನೆ. ರಕ್ತ ಬರುತ್ತದೆಯೇ ಎಂದು ಹಿಂದಕ್ಕೆ ಎಳೆದು ನೋಡುವುದಿಲ್ಲ. ಗಡಿಯಾರ ನೋಡಿಕೊಂಡು ಸುಮಾರು 30 ಸೆಕೆಂಡು ನಿಧಾನವಾಗಿ ತಳ್ಳುತ್ತೇನೆ, ಸೂಜಿ ಹೊರಬರುವವರೆಗೂ ಮಡಿಕೆ ಬಿಡುವುದಿಲ್ಲ. ಬಳಿಕ ಒಣ ಹತ್ತಿಯಿಂದ ಮೆಲ್ಲಗೆ ಒತ್ತಿದರೆ ಸಾಕು. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ ಎಂದು ಮನೆಯವರಿಗೂ ಹೇಳಲೇಬೇಕು.

ಇನ್ನು ಗಾಳಿಗುಳ್ಳೆಯ ಮಾತು. ಕ್ಲೆಕ್ಸೇನ್‌ನಂತೆ (ಎನಾಕ್ಸಪ್ಯಾರಿನ್‌ನ ಒಂದು ಬ್ರ್ಯಾಂಡ್) ತುಂಬಿಯೇ ಬರುವ ಸಿರಿಂಜಿನ ಗಾಳಿಗುಳ್ಳೆ ಔಷಧದ ಹಿಂದೆ ಬಂದು ಸೂಜಿಯಲ್ಲಿ ಉಳಿದ ಹನಿಯನ್ನೂ ಒಳಗೆ ತಳ್ಳುತ್ತದೆ, ಅದನ್ನು ಹೊರಹಾಕಹೋದರೆ ಔಷಧವೂ ಸ್ವಲ್ಪ ಹೋಗುತ್ತದೆ. ಗುರುತುಗಳಿರುವ ಸಿರಿಂಜಿನಿಂದ ಕಡಿಮೆ ಡೋಸ್ ಕೊಡಬೇಕಾದಾಗ ಮಾತ್ರ ಗಾಳಿಯನ್ನೂ ಹೆಚ್ಚಿನ ಔಷಧವನ್ನೂ ಮೊದಲೇ ತೆಗೆಯಬೇಕು.

ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಳ್ಳುತ್ತೇವೆ ಎಂದು ಇನ್ನೊಬ್ಬರು ಬರೆದಿದ್ದಾರೆ. ದಯವಿಟ್ಟು ಇಂದೇ ನಿಲ್ಲಿಸಿ. ಆ ಸಿರಿಂಜು ಮಿಲಿಲೀಟರಿಗೆ 40 ಯೂನಿಟ್ಟಿನದು, ಕಾರ್ಟ್ರಿಜ್‌ನಲ್ಲಿರುವುದು 100, ಹಾಗಾಗಿ 10 ಯೂನಿಟ್ ಎಂದು ಎಳೆದದ್ದು 25 ಆಗುತ್ತದೆ. ಇನ್ಸುಲಿನ್‌ಗೆ ನಾನು ಬಿ.ಡಿ. ಕಂಪನಿಯ ಸಿರಿಂಜನ್ನೇ ಕೇಳಿ ಪಡೆಯುತ್ತೇನೆ, ಅದರ ಅಂಕಗಳು ನೈಟ್ ಡ್ಯೂಟಿಯ ಮಂದ ಬೆಳಕಿನಲ್ಲೂ ನನಗೆ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಯಾವ ಕಂಪನಿಯದಾದರೂ ಮಿಲಿಲೀಟರಿಗೆ ಎಷ್ಟು ಯೂನಿಟ್ ಎಂಬ ಅಂಕಿ ವಯಲ್ (ಔಷಧದ ಸೀಸೆ) ಮೇಲೂ ಸಿರಿಂಜಿನ ಮೇಲೂ ಒಂದೇ ಇರಬೇಕು.

ನಿಮ್ಮ ರೋಗಿಯ ಕಲೆಯ ಅಂಚಿಗೆ ಈಗಲೇ ಪೆನ್ನಿನಿಂದ ಗೆರೆ ಎಳೆದಿಡಿ. ಗೆರೆ ದಾಟಿ ಹರಡಿದರೆ, ಗಟ್ಟಿಯಾದರೆ, ಮೂತ್ರದಲ್ಲಿ ಅಥವಾ ಒಸಡಿನಲ್ಲಿ ರಕ್ತ ಕಂಡರೆ ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರಿಗೆ ತಿಳಿಸಿ, ಪ್ಲೇಟ್‌ಲೆಟ್ ವರದಿಯನ್ನೂ ತೋರಿಸಿ.