207 ಮೆಟ್ಟಿಲು, 48 ತಿರುವು, ಒಂದು ಬಸ್ಸು

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ "ಟೋಕಿಯೋದಿಂದ ಬಸ್ಸಿನಲ್ಲಿ ನಿಕ್ಕೊಗೆ ಹೋಗಿ, ರಾತ್ರಿ ಊಟಕ್ಕೆ ವಾಪಸು ಬಂದೆ" ಎಂದು ಒಂದೇ ಒಂದು ಸಾಲು ಬರೆದಿದ್ದೆ. ನಿಕ್ಕೊ ಎಂದರೆ ಟೋಕಿಯೋದ ಉತ್ತರಕ್ಕೆ, ಗುಡಿಗಳಿಗೆ ಹೆಸರಾದ ಬೆಟ್ಟದೂರು. ಅದಕ್ಕೆ ಬಂದಷ್ಟು ಪತ್ರ, ಮೂರು ಕಂತು ಬರೆದ ಪಿಂಚಣಿ ಲೆಕ್ಕಾಚಾರಕ್ಕೂ ಬಂದಿರಲಿಲ್ಲ. ಡೊಂಬಿವಲಿಯಿಂದ ದಾದರ್‌ವರೆಗೆ ಎಲ್ಲರ ಮಕ್ಕಳೂ ಜಪಾನಿನಲ್ಲೇ ಇದ್ದಾರೇನೋ ಅನ್ನಿಸಿತು. ಹಾಗಾಗಿ ಈ ಸಲ ಅದೊಂದೇ ವಿಷಯ. ಸೊಸೆಯ ಮೇಲಿನ ದೂರು, ಸೊಸೈಟಿಯ ನೀರಿನ ಜಗಳ ಮುಂದಿನ ತಿಂಗಳಿಗೆ.

ಪ್ರಶ್ನೆ: ಅಕ್ಕಾ, ಮಗ ಯೊಕೊಹಾಮಾದಲ್ಲಿದ್ದಾನೆ. ಅಕ್ಟೋಬರಿನಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಅವನಿಗೆ ರಜೆ ಇಲ್ಲವಂತೆ, "ಗೈಡ್ ಇರುವ ಬಸ್ಸಿನಲ್ಲಿ ಒಂದು ದಿನ ಹೋಗಿ ಬನ್ನಿ" ಎನ್ನುತ್ತಾನೆ. ಫುಜಿ ಕಡೆಗೋ, ನಿಕ್ಕೊ ಕಡೆಗೋ? ನನಗೆ 64, ಮಂಡಿನೋವು. ಇವರಿಗೆ 71, ಘಾಟಿ ಹತ್ತಿದರೆ ವಾಂತಿ.
– ಗೃಹಿಣಿ, ಡೊಂಬಿವಲಿ ಪೂರ್ವ

ಉತ್ತರ: ತಂಗೀ, ಫುಜಿ ನೋಡಲು ಹೋದವರಿಗೆಲ್ಲ ಫುಜಿ ಕಾಣುವುದಿಲ್ಲ. 3776 ಮೀಟರಿನ ಬೆಟ್ಟ, ಆದರೂ ಒಂದು ಮೋಡ ಅಡ್ಡ ಬಂದರೆ ಇಲ್ಲವೇ ಇಲ್ಲ. ಚಳಿಗಾಲದ ಬೆಳಗಿನಲ್ಲಿ ಚೆನ್ನಾಗಿ ಕಾಣುತ್ತದೆ, ಬೇಸಿಗೆಯಲ್ಲಿ ಮುಸುಕು ಹೊದ್ದೇ ಇರುತ್ತದೆ. ಅಕ್ಟೋಬರ್ ನಡುವಿನದು, ಅದೃಷ್ಟದ ಮಾತು. ಮೋಡ ಬಂತೆಂದು ಟಿಕೆಟಿನ ದುಡ್ಡು ವಾಪಸು ಕೇಳಲಾಗುತ್ತದೆಯೇ? ಕ್ಯಾಲೆಂಡರುಗಳಲ್ಲಿ ಕೆಂಪು ಗೋಪುರ, ಹಿಂದೆ ಫುಜಿ ಇರುವ ಚಿತ್ರ ನೋಡಿರುತ್ತೀರಿ. ಆ ಜಾಗಕ್ಕೆ 398 ಮೆಟ್ಟಿಲು. ನಿಮ್ಮ ಮಂಡಿಗೆ ಅದು ಬೇಡ. ನಿಕ್ಕೊದಲ್ಲಿ ಮಳೆ ಬಂದರೂ ಗುಡಿ ಎಲ್ಲಿಗೂ ಹೋಗುವುದಿಲ್ಲ. ನನ್ನ ಮತ ಅದಕ್ಕೇ.

ಆದರೆ ಒಂದು ಲೆಕ್ಕ ಮೊದಲೇ ತಲೆಯಲ್ಲಿರಲಿ. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಸಂಜೆ ಏಳಾಗುತ್ತದೆ ಇಳಿಯುವಾಗ. ಅದರಲ್ಲಿ ನಿಮ್ಮ ಕಾಲು ನೆಲಕ್ಕೆ ತಾಗುವುದು ಹೆಚ್ಚೆಂದರೆ ನಾಲ್ಕು ಗಂಟೆ. ಉಳಿದದ್ದು ಸೀಟು, ಬೆಲ್ಟು, ಕಿಟಕಿ. ಇಲ್ಲಿಂದ ಒಂದೇ ದಿನದಲ್ಲಿ ಮಹಾಬಲೇಶ್ವರಕ್ಕೆ ಹೋಗಿ ಬರುತ್ತೇವಲ್ಲ, ಅದೇ ಕಥೆ. ಆ ನಾಲ್ಕು ಗಂಟೆಯಲ್ಲಿ ಏನನ್ನು ಬಿಡಬೇಕು ಎಂದು ಹಿಂದಿನ ರಾತ್ರಿಯೇ ತೀರ್ಮಾನಿಸಿ. ನಾನು ತೀರ್ಮಾನಿಸಿರಲಿಲ್ಲ, ಅದರ ಫಲ ಹೇಳುತ್ತೇನೆ.

ಮುಖ್ಯವಾಗಿ ತೋರಿಸುವುದು ತೋಶೊಗು. ತೊಕುಗಾವ ಇಯೆಯಾಸು ಎಂಬ ಶೋಗನ್, ಅಂದರೆ ಆ ಕಾಲದ ಸರ್ವಾಧಿಕಾರಿ ಸೇನಾಪತಿ, 1616ರಲ್ಲಿ ಸತ್ತ. ಅವನನ್ನೇ ದೇವರೆಂದು ಪ್ರತಿಷ್ಠಾಪಿಸಿದ ಗುಡಿ ಇದು. ಈಗ ಕಾಣುವ ವೈಭವ ಮೊಮ್ಮಗ ಇಯೆಮಿತ್ಸು 1636ರಲ್ಲಿ ಕಟ್ಟಿಸಿದ್ದು. ಜಪಾನಿನ ಗುಡಿ ಎಂದರೆ ಬಣ್ಣವಿಲ್ಲದ ಮರ, ಮೌನ ಎಂದುಕೊಂಡು ಹೋದರೆ ಇಲ್ಲಿ ಕಣ್ಣು ಕುಕ್ಕುತ್ತದೆ. ಚಿನ್ನ, ಕೆಂಪು, ಹಸಿರು, ನವಿಲು, ಡ್ರಾಗನ್! ನಮ್ಮ ಜಾತ್ರೆಯ ರಥ ನೆನಪಾಯಿತು ನನಗೆ. ಯೊಮೆಯಿಮೊನ್ ಎಂಬ ಬಾಗಿಲೊಂದರಲ್ಲೇ 500ಕ್ಕೂ ಹೆಚ್ಚು ಕೆತ್ತನೆ. ಅದರ ಕಂಬಗಳಲ್ಲಿ ಒಂದರ ಚಿತ್ತಾರ ಬೇಕೆಂದೇ ತಲೆಕೆಳಗಾಗಿದೆ. ಪೂರ್ತಿಯಾದದ್ದು ಆ ಕ್ಷಣದಿಂದಲೇ ಕೆಡತೊಡಗುತ್ತದೆ, ಅದಕ್ಕೆ ಒಂದು ಕೊರತೆ ಉಳಿಸಬೇಕು ಎಂದು ಗೈಡ್ ಐದು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿದರು. ನನಗೆ ಅಷ್ಟು ಬೇಕಿರಲಿಲ್ಲ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಬೆಳೆದವರು ನಾವು.

ಎಲ್ಲರೂ ಗುಂಪುಗಟ್ಟುವುದು ಮೂರು ಮಂಗಗಳ ಮುಂದೆ. ಕೆಟ್ಟದ್ದು ನೋಡಬೇಡ, ಕೇಳಬೇಡ, ಆಡಬೇಡ ಎನ್ನುವ, ಗಾಂಧೀಜಿಯಿಂದಾಗಿ ನಮ್ಮ ಮನೆಮನೆಯಲ್ಲೂ ಇದ್ದ ಅದೇ ಮಂಗಗಳು. ಕೆತ್ತಿರುವುದು ಕುದುರೆ ಲಾಯದ ಗೋಡೆಯ ಮೇಲೆ, ಏಕೆಂದರೆ ಮಂಗ ಕುದುರೆಯನ್ನು ರೋಗದಿಂದ ಕಾಯುತ್ತದೆ ಎಂಬ ನಂಬಿಕೆ. ಒಟ್ಟು ಎಂಟು ಹಲಗೆಗಳಿವೆ, ತಾಯಿ ಮಗುವಿನ ಭವಿಷ್ಯ ದಿಟ್ಟಿಸುವುದರಿಂದ ಹಿಡಿದು ಒಂದು ಇಡೀ ಬಾಳು. ಜನ ಮೂರು ಮಂಗದ ಹಲಗೆಯ ಮುಂದೆ ಫೋಟೋ ತೆಗೆದು ಉಳಿದ ಏಳನ್ನು ದಾಟಿಬಿಡುತ್ತಾರೆ. ನೀವು ದಾಟಬೇಡಿ, ಅಲ್ಲಿ ಮೆಟ್ಟಿಲಿಲ್ಲ. ಎದುರಿನ ಉಗ್ರಾಣದ ಮಾಡಿನ ಕೆಳಗೆ ಎರಡು ಆನೆಗಳನ್ನೂ ಹುಡುಕಿ. ವಿನ್ಯಾಸ ಮಾಡಿದ ಕನೊ ತನ್ಯು ಹುಟ್ಟಾ ಆನೆ ಕಂಡವನಲ್ಲ, ಕೇಳಿ ತಿಳಿದು ಬರೆದದ್ದು. ಕಿವಿ ಎಲ್ಲಿಂದ ಶುರು, ಬಾಲ ಎಷ್ಟು ಎಂಬುದೆಲ್ಲ ಅವನ ಊಹೆ. ಬಸ್ಸಿನವರೆಲ್ಲ ಗಂಭೀರವಾಗಿ ನೋಡುತ್ತಿದ್ದರೆ ನಾನೊಬ್ಬಳೇ ನಕ್ಕೆ.

ಇನ್ನು ನನ್ನ ತಪ್ಪು. ಒಳಗೊಂದು ಬಾಗಿಲ ಮೇಲೆ ಮಲಗಿದ ಬೆಕ್ಕಿನ ಕೆತ್ತನೆ ಇದೆ, ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದು. ಅದರಡಿ ದಾಟಿದರೆ ಇಯೆಯಾಸುವಿನ ಸಮಾಧಿಗೆ 207 ಕಲ್ಲುಮೆಟ್ಟಿಲು. "ಇಷ್ಟು ದೂರ ಬಂದು ಹತ್ತದೆ ಹೋಗುವುದಾ" ಎಂಬ ಹಟಕ್ಕೆ ಹತ್ತಿದೆ. ಮೇಲೆ ದೇವದಾರಿನಂಥ ಭಾರೀ ಮರಗಳು, ಒಂದು ಕಂಚಿನ ಸಮಾಧಿ, ತಣ್ಣನೆ ಗಾಳಿ. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಇಳಿಯುವಾಗ ಮಂಡಿ ನಡುಗಿ, ಒಂದೊಂದೇ ಮೆಟ್ಟಿಲು ಕೂತು ಎದ್ದು, ಬಸ್ಸಿಗೆ 11 ನಿಮಿಷ ತಡ. ಬಸ್ಸಿನೊಳಗೆ ಒಬ್ಬರೂ ಗೊಣಗಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗೈಡಮ್ಮ ತಾವೇ ತಪ್ಪು ಮಾಡಿದವರಂತೆ ನನಗೆ ಬಾಗಿ ನಮಸ್ಕರಿಸಿದರು. ನೀವು ಬೆಕ್ಕನ್ನು ನೋಡಿ ಹಿಂದಿರುಗಿ. ಅದರ ಬದಲು ಪಕ್ಕದ ಯಕುಶಿ ಮಂದಿರದೊಳಗೆ ನಿಲ್ಲಿ. ಚಾವಣಿಯಲ್ಲಿ ದೊಡ್ಡ ಡ್ರಾಗನ್ ಇದೆ. ಅದರ ತಲೆಯ ಕೆಳಗೆ ನಿಂತು ಎರಡು ಮರದ ತುಂಡು ತಟ್ಟಿದರೆ ಗೆಜ್ಜೆ ಕುಲುಕಿದಂತೆ ದನಿ ಅನುರಣಿಸುತ್ತದೆ, ಬೇರೆ ಕಡೆ ತಟ್ಟಿದರೆ ಬರೀ ಟಕ್. ಅಲ್ಲಿನವರೇ ತಟ್ಟಿ ತೋರಿಸುತ್ತಾರೆ. ಚಪ್ಪಲಿ ಬಿಚ್ಚಿ ಹೋಗಬೇಕು, ಲೇಸಿನ ಬೂಟು ಬೇಡ. ಹೊರಗಿನ ದಾರಿಯೆಲ್ಲ ಜಲ್ಲಿ, ಆದ್ದರಿಂದ ಕೈಕೋಲು ಇರಲಿ.

ಯಜಮಾನರ ವಾಂತಿಯ ವಿಷಯ. ಗುಡಿಯಿಂದ ಚೂಜೆಂಜಿ ಸರೋವರಕ್ಕೆ ಏರುವ ಘಾಟಿಯ ಹೆಸರು ಇರೊಹಜಕ. ಏರಲು ಒಂದು ರಸ್ತೆ, ಇಳಿಯಲು ಇನ್ನೊಂದು. ಏರುವಾಗ 20 ತಿರುವು, ಇಳಿಯುವಾಗ 28, ಒಟ್ಟು 48. ಹಳೆಯ ಜಪಾನಿ ಅಕ್ಷರಮಾಲೆಯ 48 ಅಕ್ಷರಕ್ಕೆ ಸಮ, ಒಂದೊಂದು ತಿರುವಿನಲ್ಲಿ ಒಂದೊಂದು ಅಕ್ಷರದ ಹಲಗೆ. ನಮ್ಮ ವರ್ಣಮಾಲೆಯಾದರೆ 49, ಇನ್ನೊಂದು ತಿರುವು ಹೆಚ್ಚಾಗುತ್ತಿತ್ತು! ಆಗುಂಬೆಯ 14 ತಿರುವಿಗೇ ನಿಂಬೆಹಣ್ಣು ಮೂಸುತ್ತಿದ್ದವರು ನಾವು. ರಸ್ತೆ ನುಣುಪು, ಡ್ರೈವರ್ ಹಾರನ್ ಮುಟ್ಟುವುದಿಲ್ಲ, ಆದರೂ ತಿರುವು ತಿರುವೇ. ಮುಂದಿನ ಸೀಟು ಕೇಳಿಕೊಳ್ಳಿ, ಮಾತ್ರೆಯನ್ನು ಡಾಕ್ಟರರನ್ನು ಕೇಳಿ ಇಲ್ಲಿಂದಲೇ ಒಯ್ಯಿರಿ. ಅಕ್ಟೋಬರ್ ಕೊನೆಯ ಶನಿವಾರ, ಭಾನುವಾರ ಮಾತ್ರ ಬೇಡ. ಎಲೆ ಕೆಂಪಾಗುವ ಹೊತ್ತು ಅದು, ಇಡೀ ಟೋಕಿಯೋ ಆ ಘಾಟಿಯಲ್ಲಿ ನಿಂತಿರುತ್ತದೆ. ನಮ್ಮ ಖಂಡಾಲಾ ಘಾಟಿಯ ಮಳೆಗಾಲದ ಭಾನುವಾರ ನೆನೆಸಿಕೊಳ್ಳಿ.

ಮೇಲೆ ಕೆಗೊನ್ ಜಲಪಾತ, 97 ಮೀಟರ್. ಜೋಗ ಕಂಡವರಿಗೆ ಎತ್ತರದಲ್ಲಿ ಏನೂ ಅಲ್ಲ. ಆದರೆ ಬಂಡೆ ಕೊರೆದು ಲಿಫ್ಟ್ ಹಾಕಿದ್ದಾರೆ, ಸುಮಾರು ನೂರು ಮೀಟರ್ ಕೆಳಗಿಳಿದು ನೀರಿನ ಎದುರಿಗೇ ನಿಲ್ಲಬಹುದು. ಮಂಡಿನೋವಿನವರಿಗೆ ಇಂಥ ಜಲಪಾತ ಎಲ್ಲಿ ಸಿಗುತ್ತದೆ ಹೇಳಿ. ಸರೋವರ ಸಮುದ್ರಮಟ್ಟದಿಂದ 1269 ಮೀಟರ್ ಎತ್ತರದಲ್ಲಿದೆ, ಕೆಳಗೆ ಬರೀ ಅಂಗಿಯಲ್ಲಿ ಓಡಾಡಿದವರಿಗೂ ಅಲ್ಲಿ ಶಾಲು ಬೇಕು. ಡೊಂಬಿವಲಿಯವರಿಗೆ ಎರಡು.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದವರು. ಬಸ್ಸಿನವರು ಕೊಡುವ "ಸಸ್ಯಾಹಾರಿ ಊಟ"ವನ್ನು ನಂಬಬಹುದೇ?
– ಓದುಗರು, ಮಾಟುಂಗಾ

ಉತ್ತರ: ನಂಬಬೇಡಿ. ಅವರು ಮೋಸ ಮಾಡುತ್ತಾರೆಂದಲ್ಲ. ಮಾಂಸ ಕಾಣದಿದ್ದರೆ ಸಸ್ಯಾಹಾರ ಎಂಬುದು ಎಷ್ಟೋ ಕಡೆಯ ತಿಳಿವಳಿಕೆ. ಸಾರು, ನೂಡಲ್ಸಿನ ರಸ, ಬೇಯಿಸಿದ ತರಕಾರಿ ಎಲ್ಲದರ ತಳಪಾಯ ದಾಶಿ ಎಂಬ ಕಟ್ಟು, ಅದನ್ನು ಸಾಮಾನ್ಯವಾಗಿ ಒಣಮೀನಿನ ಚೂರಿನಿಂದ ತೆಗೆಯುತ್ತಾರೆ. ನಿಕ್ಕೊದ ಹೆಸರುವಾಸಿ ತಿನಿಸು ಯುಬ. ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆ ಅದು, ನಮಗೆ ಹೇಳಿ ಮಾಡಿಸಿದ್ದು. ಬೇಯಿಸುವುದು ಮಾತ್ರ ಅದೇ ದಾಶಿಯಲ್ಲಿ. "ಕತ್ಸುಓ ದಾಶಿ (ಆ ಒಣಮೀನಿನ ಕಟ್ಟು) ಇದೆಯೇ?" ಎಂದು ಹೆಸರು ಹಿಡಿದು ಕೇಳಿ, ಆಗ ನಿಜ ಹೇಳುತ್ತಾರೆ.

ನಾನು ಒಯ್ದದ್ದು ಮೆಂತ್ಯದ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ. ಇವು ಸಾಕು. ತಾಜಾ ಹಣ್ಣು, ತರಕಾರಿ, ಹಸಿ ಕರಿಬೇವು ಮುಂಬಯಿಯಿಂದ ಒಯ್ಯಬೇಡಿ, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸಸ್ಯ ತಪಾಸಣೆ ಕಟ್ಟುನಿಟ್ಟು. ಬಸ್ಸಿನೊಳಗೆ ಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನೂ ತೆರೆಯಬೇಡಿ. ನಾನು ತೆರೆದೆ. ಇಂಗಿನ ವಾಸನೆಗೆ ನಾಲ್ಕು ಸಾಲು ಮುಂದಿನವರು ತಿರುಗಿ ನೋಡಿ, ನೋಡಿಲ್ಲವೆಂಬಂತೆ ಮತ್ತೆ ಮುಂದಕ್ಕೆ ತಿರುಗಿದರು. ಕಸದ ಬುಟ್ಟಿ ದಾರಿಯಲ್ಲಿ ಸಿಗುವುದು ಅಪರೂಪ, ಎಲೆ, ಕಾಗದ ಎಲ್ಲ ಚೀಲದಲ್ಲೇ ವಾಪಸು ಬರಬೇಕು.

ಪ್ರಶ್ನೆ: ಅಲ್ಲಿನ ಗುಡಿಗಳಲ್ಲಿ ನಾವು ಕೈಮುಗಿಯಬಹುದೇ? ಚಪ್ಪಾಳೆ ತಟ್ಟುತ್ತಾರಂತೆ, ಅದೇಕೆ?
– ನಿವೃತ್ತ ಶಿಕ್ಷಕರು, ಠಾಣೆ

ಉತ್ತರ: ಮೇಷ್ಟ್ರೇ, ಧಾರಾಳವಾಗಿ ಮುಗಿಯಿರಿ, ಯಾರೂ ಗೋತ್ರ ಕೇಳುವುದಿಲ್ಲ. ಶಿಂಟೋ, ಅಂದರೆ ಜಪಾನಿನ ಮೂಲ ಧರ್ಮದ ಗುಡಿಯಲ್ಲಿ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮನಸ್ಸಿನಲ್ಲಿ ಬೇಡಿಕೆ, ಮತ್ತೊಮ್ಮೆ ಬಾಗುವುದು. ದೇವರ ಗಮನ ಸೆಳೆಯಲಿಕ್ಕೆ ಎಂದರು ನಮ್ಮ ಗೈಡ್. ನಾವು ಗಂಟೆ ಬಾರಿಸುವುದಿಲ್ಲವೇ. ಬೌದ್ಧ ಮಂದಿರದಲ್ಲಿ ಚಪ್ಪಾಳೆ ಇಲ್ಲ, ಬರೀ ಕೈಮುಗಿಯುವುದು. ಬಾಗಿಲಲ್ಲಿ ತೋರಿ ಕಮಾನು ಇದ್ದರೆ ಸಾಧಾರಣವಾಗಿ ಅದು ಶಿಂಟೋ. ನಿಕ್ಕೊದಲ್ಲಿ ಎರಡೂ ಒಂದೇ ಆವರಣದಂತೆ ಬೆರೆತಿದ್ದವು, 1868ರ ಮೇಲೆ, ಶೋಗನ್‌ಗಳ ನಂತರ ಬಂದ ಮೇಜಿ ಸರ್ಕಾರ ಬೇರೆ ಮಾಡಿತು. ಅದಕ್ಕೇ ಗುಡಿಯ ಎದುರು ಬೌದ್ಧ ಗೋಪುರ ನಿಂತಿರುವುದು. ಕಾಣಿಕೆಗೆ ಐದು ಯೆನ್ನಿನ ನಾಣ್ಯ ಜೋಡಿಸಿಕೊಳ್ಳಿ. ಐದು ಯೆನ್ ಎಂಬುದಕ್ಕೂ ಋಣಾನುಬಂಧ ಎಂಬುದಕ್ಕೂ ಅವರ ಭಾಷೆಯಲ್ಲಿ "ಗೊಎನ್" ಎಂಬ ಒಂದೇ ಉಚ್ಚಾರ.

ನಿಮಗಾಗಿ ಇನ್ನೊಂದು ಮಾತು. ತೋಶೊಗುವಿಗೆ ಹೋಗುವ ದಾರಿಯಲ್ಲೇ ರಿನ್ನೊಜಿ ಮಂದಿರ. ನಮ್ಮ ಬಸ್ಸಿನವರು ಅಲ್ಲಿಗೆ ಕೊಟ್ಟದ್ದು ಇಪ್ಪತ್ತೇ ನಿಮಿಷ. ಒಳಗೆ ಚಿನ್ನ ಲೇಪಿಸಿದ ಮೂರು ಬೃಹತ್ ಮೂರ್ತಿಗಳು. ಎಡಗಡೆಯದು ಬಾತೊ ಕನ್ನೊನ್, ಹಣೆಯ ಮೇಲೆ ಪುಟ್ಟ ಕುದುರೆ ತಲೆ. ಸಂಸ್ಕೃತದ ಹೆಸರೇನು ಎಂದು ಕೇಳಿದೆ. ಗೈಡಮ್ಮ ಪುಸ್ತಕ ತೆರೆದು, ತಡವರಿಸಿ, "ಹಯಗುರೀವ" ಎಂದರು. ನನಗೆ ಮೈ ಜುಮ್ಮೆಂದಿತು. ನಮ್ಮ ಹಯಗ್ರೀವ ವಿಷ್ಣುವಿನ ರೂಪ, ಅವರದು ಬೋಧಿಸತ್ವ ಅವಲೋಕಿತೇಶ್ವರನ ರೂಪ, ತತ್ತ್ವ ಬೇರೆ ಎಂದು ನೀವು ತಿದ್ದುತ್ತೀರಿ, ಗೊತ್ತು. ಆದರೆ ಸೋದೆಯ ವಾದಿರಾಜರ ಕಥೆ ಕೇಳಿ, ಕಡಲೆಬೇಳೆ ಬೆಲ್ಲದ ಹಯಗ್ರೀವ ತಿಂದು ಬೆಳೆದವಳಿಗೆ ಅಷ್ಟು ದೂರದಲ್ಲಿ ಆ ಹೆಸರು ಕಿವಿಗೆ ಬಿದ್ದರೆ ತತ್ತ್ವ ಆಮೇಲೆ. ಆ ಇಪ್ಪತ್ತು ನಿಮಿಷ ಅಲ್ಲೇ ನಿಂತಿದ್ದೆ. ಅಂಗಡಿ ಸಾಲು ನೋಡಲಿಲ್ಲ, ಅದಕ್ಕೆ ಬೇಸರವೂ ಇಲ್ಲ.

ಪ್ರಶ್ನೆ: ರೈಲಿನಲ್ಲಿ ಹೋದರೆ ಅಗ್ಗವಲ್ಲವೇ?
– ವಿದ್ಯಾರ್ಥಿ, ಪುಣೆ

ಉತ್ತರ: ಹೌದು. ಟೋಕಿಯೋದ ಅಸಾಕುಸ ನಿಲ್ದಾಣದಿಂದ ನೇರ ರೈಲಿದೆ, ಎರಡು ಗಂಟೆ. ನಿನ್ನ ವಯಸ್ಸಿಗೆ ಅದೇ ಸರಿ, 207 ಮೆಟ್ಟಿಲೂ ಹತ್ತು.

ಪ್ರಶ್ನೆ: ಬಸ್ಸಿನ ನಿಲುಗಡೆ, ಶೌಚಾಲಯ, ಗೈಡಿಗೆ ಕೊಡಬೇಕಾದ ಟಿಪ್ಸು ಇವುಗಳ ಬಗ್ಗೆ ತಿಳಿಸಿ.
– ಓದುಗರು, ಮುಲುಂಡ್

ಉತ್ತರ: ನಮ್ಮ ಬಸ್ಸಿನಲ್ಲಿ ಶೌಚಾಲಯ ಇರಲಿಲ್ಲ. ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಹದಿನೈದು ನಿಮಿಷ ನಿಲ್ಲಿಸಿದರು, ಶುಚಿಯ ಮಾತು ಕೇಳಲೇಬೇಡಿ, ಅಲ್ಲೇ ಸಂಸಾರ ಹೂಡಬಹುದು. ಆದರೆ ಹೊರಗೆ ಬಂದಾಗ ಒಂದೇ ಬಣ್ಣದ ಏಳೆಂಟು ಬಸ್ಸು ಸಾಲಾಗಿ ನಿಂತಿರುತ್ತವೆ. ಇಳಿಯುವಾಗಲೇ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ.

ಟಿಪ್ಸು ಅಲ್ಲಿ ಕೊಡುವುದಿಲ್ಲ, ಕೊಟ್ಟರೆ ಅವರಿಗೇ ಮುಜುಗರ. 11 ನಿಮಿಷ ಕಾಯಿಸಿದ ಸಂಕೋಚ ನನ್ನನ್ನು ಸಂಜೆಯವರೆಗೂ ಬಿಡಲಿಲ್ಲ. ಚೀಲದಲ್ಲಿ ಲೋನಾವಳದ ಚಿಕ್ಕಿಯ ಪೊಟ್ಟಣವಿತ್ತು, ಇಳಿಯುವಾಗ ಅದನ್ನು ಕೊಟ್ಟೆ. ಗೈಡಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಸರೇನೆಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಇದರಲ್ಲಿ ಕಡಲೆಬೀಜ ಇದೆಯೇ ಎಂದು ವಿಚಾರಿಸಿದರು. ಆಮೇಲೆ ಡ್ರೈವರನ್ನೂ ಅದೇ ಕೇಳಿ, ಅವನಿಗೆ ಆಗುತ್ತದೆಂದು ಖಾತ್ರಿಯಾದ ಮೇಲೆ ಒಂದು ತುಂಡು ಮುರಿದುಕೊಟ್ಟರು. ಅವನು ಬಿಳಿ ಗ್ಲೋವ್ಸ್ ಬಿಚ್ಚಿ ಸ್ಟಿಯರಿಂಗಿನ ಪಕ್ಕದಲ್ಲಿ ಮಡಚಿಟ್ಟು ತಿಂದ.